ಮರಿ ಬೇಡ, ಬೆಳೆದ ನಾಯಿ ಬರಲಿ

ಸಾಕಿದವರೇ ಕೈಬಿಟ್ಟ ದೊಡ್ಡ ತಳಿಯ ಸೌಮ್ಯ ನಾಯಿಗಳು ಹೊಸ ಮನೆಗಾಗಿ ಕಾಯುತ್ತಿವೆ. ತೇನಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಯ ಮನೆಗಳಿಗೆ ಅಂಥ ನಾಯಿಯನ್ನು ಕರೆತರುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ತಮಿಳುನಾಡಿನ ತೇನಿ ಜಿಲ್ಲೆಯ ಉತ್ತಮಪಾಳ್ಯಂ ಹತ್ತಿರ, ಪಶ್ಚಿಮಘಟ್ಟದ ಬುಡದಲ್ಲಿ ಕೊಂಬೈ ಎಂಬ ಊರಿದೆ. ಆ ಊರಿನ ಹೆಸರನ್ನೇ ಹೊತ್ತ ನಾಯಿ ತಳಿಯೊಂದಿದೆ. ಕೆಂಗಂದು ಮೈ, ಕಪ್ಪು ಮೂತಿ, ಬಿಗಿಯಾದ ಮೈಕಟ್ಟು. ಹಿಂದೆ ಕಾಡುಹಂದಿ ಬೇಟೆಗೂ ಹೊಲ, ಹಟ್ಟಿಗಳ ಕಾವಲಿಗೂ ಕೊಂಬೈ ನಾಯಿ ಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಹಾಕಿತು. ಬೇಟೆ ನಿಂತ ಮೇಲೆ ಬೇಟೆನಾಯಿಯ ಕೆಲಸವೂ ಹೋಯಿತು. 2020ರ ಆಗಸ್ಟ್ 30ರಂದು ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಮುಧೋಳ, ರಾಜಪಾಳಯಂ, ಚಿಪ್ಪಿಪಾರೈ, ಕನ್ನಿಗಳ ಸಾಲಿನಲ್ಲಿ ಕೊಂಬೈ ಹೆಸರನ್ನೂ ಹೇಳಿದ್ದು ನಾಯಿ ಸಾಕುವ ಅನೇಕರಿಗೆ ನೆನಪಿರಬಹುದು.

ಕೊಂಬೈ ಇರುವ ಈ ಕಂಬಂ ಕಣಿವೆ ಕನ್ನಡಿಗರಿಗೆ ಪರಕೀಯವೇನಲ್ಲ. ಇಲ್ಲಿ ಮನೆಮಾತು ಕನ್ನಡವಾಗಿರುವ ಒಕ್ಕಲಿಗ ಕುಟುಂಬಗಳು ಶತಮಾನಗಳಿಂದ ಬೇಸಾಯ ಮಾಡಿಕೊಂಡಿವೆ. ಸುತ್ತಲಿನವರು ಅವರನ್ನು ಕಾಪ್ಪಿಲಿಯರ್ ಎನ್ನುತ್ತಾರೆ. ದಿಂಡಿಗಲ್ ಸುತ್ತಿನ ಊರುಗಳಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರಿದ್ದಾರೆ. ಕಂಬಂನ ಒಕ್ಕಲಿಗರು ದೇವರದೆಂದು ನಂಬಿ ಸಾಕುತ್ತ ಬಂದ 'ತಂಬಿರಾನ್ ಮಾಡು' ಎಂಬ ದನಗಳ ಮಂದೆಯ ಸಂಗತಿ 1906ರ ಮಧುರೆ ಗೆಜೆಟಿಯರ್‌ನಲ್ಲೇ ದಾಖಲಾಗಿದೆ. ಪ್ರಾಣಿಯೊಂದನ್ನು ತಲೆಮಾರುಗಳ ಹೊಣೆಯೆಂದು ಹೊತ್ತುಕೊಂಡು ಬಂದ ನೆಲವಿದು.

ಆದರೆ ನಾಯಿಯ ವಿಷಯಕ್ಕೆ ಬಂದರೆ ಈ ಹೊಣೆ ಎಲ್ಲೋ ಸಡಿಲವಾಗುತ್ತದೆ. ತೋಟದ ಮನೆಗೆ, ಹೊಸ ಬಂಗಲೆಗೆ 'ದೊಡ್ಡ ಜಾತಿ'ಯ ಮರಿ ಬೇಕು ಎಂಬ ಆಸೆ ಊರೂರಿನಲ್ಲಿದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಮರಿಗಳು ದುಬಾರಿ ಬೆಲೆಗೆ ಬರುತ್ತವೆ. ವರ್ಷ ಒಂದೋ ಎರಡೋ ಕಳೆದ ಮೇಲೆ ಅವುಗಳಲ್ಲಿ ಕೆಲವು ಗೇಟಿನಾಚೆ ನಿಲ್ಲುತ್ತವೆ. ಆ ನಾಯಿಗಳ ಪರವಾಗಿ ಈ ಲೇಖನ. ಮನೆಗೆ ದೊಡ್ಡ ನಾಯಿ ಬೇಕೆನ್ನುವವರು ಮರಿಯನ್ನು ಕೊಳ್ಳುವುದಕ್ಕಿಂತ ಬೆಳೆದ, ಕೈಬಿಟ್ಟ ನಾಯಿಯನ್ನು ದತ್ತು ತರುವುದು ಮೇಲು. ನಾಯಿಗೆ ಒಳ್ಳೆಯದು ಎಂಬುದು ಇದಕ್ಕೆ ಒಂದು ಕಾರಣ. ಮಕ್ಕಳು ಮುದುಕರಿರುವ ಮನೆಗೂ ಅದೇ ಹೆಚ್ಚು ಕ್ಷೇಮ ಎಂಬುದು ಇನ್ನೊಂದು, ಹೆಚ್ಚಿನ ಜನ ಯೋಚಿಸದ ಕಾರಣ.

ಸೌಮ್ಯವಾದದ್ದೇ ತಪ್ಪಾಯಿತು

ದೊಡ್ಡ ನಾಯಿ ಮನೆ ಕಳೆದುಕೊಳ್ಳುವ ಬಗೆ ನಾಲ್ಕಾರು. ಮೊದಲನೆಯದು ಫ್ಯಾಷನ್: ಪರದೆಯ ಮೇಲೆ ಕಂಡ ನಾಯಿಯನ್ನು ಹಿಂದುಮುಂದು ನೋಡದೆ ತಂದು, ಹುಚ್ಚು ಇಳಿದ ಮೇಲೆ ಕೈಬಿಡುವುದು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದ ಪಗ್ ನಾಯಿ ದೇಶದ ತುಂಬ ಪಗ್ ಹುಚ್ಚು ಹಿಡಿಸಿತು. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಕಿರಣ್‌ರಾಜ್ ಕೆ. ನಿರ್ದೇಶನದ '777 ಚಾರ್ಲಿ'. 2022ರ ಜೂನ್‌ನಲ್ಲಿ ತೆರೆಕಂಡು, ಮುಂದೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆದ ಸಿನಿಮಾ ಅದು. ಅದರಲ್ಲಿನ ಲ್ಯಾಬ್ರಡಾರ್ ಅಂಗಡಿಯಿಂದ ಬಂದದ್ದಲ್ಲ. ದುಡ್ಡಿಗಾಗಿ ನಾಯಿಗಳಿಂದ ಮರಿ ಹಾಕಿಸುವವನ ಹಿಂಸೆಯಿಂದ ತಪ್ಪಿಸಿಕೊಂಡು ಬಂದದ್ದು. ಆ ಚಿತ್ರ ನೋಡಿ ಕಣ್ಣೊರೆಸಿಕೊಂಡವರು ಲ್ಯಾಬ್ರಡಾರ್ ಮರಿ ಕೊಳ್ಳಲು ಹೊರಟರೆ ಅದು ಆ ಚಿತ್ರಕ್ಕೇ ಬಗೆದ ದ್ರೋಹ.

ಎರಡನೆಯದು ಗಾತ್ರ. ತೊಡೆಯ ಮೇಲೆ ನಿದ್ದೆ ಹೋಗುವ ಮರಿ ವರ್ಷ ತುಂಬುವಷ್ಟರಲ್ಲಿ ಲ್ಯಾಬ್ರಡಾರ್ ಆದರೆ 30 ಕೆ.ಜಿ. ಆಸುಪಾಸಿಗೆ ಬರುತ್ತದೆ. ಗ್ರೇಟ್ ಡೇನ್ ಆದರೆ 50 ಕೆ.ಜಿ. ದಾಟುತ್ತದೆ. ಚಿಕ್ಕಂದಿನಲ್ಲಿ ಮುದ್ದೆನಿಸಿದ ಎಗರಾಟ ಈಗ ಅಜ್ಜಿಯನ್ನು ಬೀಳಿಸಬಲ್ಲದು.

ಮೂರನೆಯದು ಕಾವಲಿನ ಲೆಕ್ಕಾಚಾರ. ಬೋಡಿನಾಯಕನೂರಿನ ಮೇಲಿನ ಏಲಕ್ಕಿ ತೋಟಕ್ಕೋ ಕಂಬಂನ ದ್ರಾಕ್ಷಿ ತೋಟಕ್ಕೋ ಕಾವಲಿಗೆಂದು ತಂದ ಲ್ಯಾಬ್ರಡಾರ್ ಬಂದವರಿಗೆಲ್ಲ ಬಾಲ ಅಲ್ಲಾಡಿಸಿದರೆ ಯಜಮಾನನಿಗೆ ಅದು ಕೆಲಸಕ್ಕೆ ಬಾರದ ನಾಯಿ. ಮನುಷ್ಯರೆಂದರೆ ನಂಬಿಕೆ ಇರುವ ಕಾರಣಕ್ಕೇ ಅದನ್ನು ಮನುಷ್ಯರು ಹೊರದಬ್ಬುತ್ತಾರೆ. ಸಂಸಾರದ ಮನೆಯೊಂದು ಹುಡುಕಬೇಕಾದ ಗುಣ ಮಾತ್ರ ಅದೇ.

ಇನ್ನು ಮರಿ ವ್ಯಾಪಾರದ ಹೆಣ್ಣುನಾಯಿಗಳ ಪಾಡು. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಈ ನಿಯಮಗಳಿಗೆ ಸೊಪ್ಪು ಹಾಕದ ಕಡೆ ಹೆಣ್ಣುನಾಯಿ ಬೆದೆಗೆ ಬಂದಾಗಲೆಲ್ಲ ಮರಿ ಹಾಕುತ್ತ, ಸೋತ ಮೇಲೆ ರಸ್ತೆಗೆ ಬೀಳುತ್ತದೆ. ರಕ್ಷಣಾ ಕೇಂದ್ರಗಳಲ್ಲಿ ಜೋತುಬಿದ್ದ ಮೊಲೆಗಳ, ಐದಾರು ವರ್ಷದ, ಯಾರ ಮೇಲೂ ಮುನಿಸಿಲ್ಲದ ಹೆಣ್ಣು ಲ್ಯಾಬ್ರಡಾರ್‌ಗಳನ್ನು ಕಂಡರೆ ಅವುಗಳ ಹಿಂದಿನ ಬದುಕು ಅದೇ ಇದ್ದೀತು.

ಸ್ವಭಾವ ಕಣ್ಣಿಗೆ ಕಾಣಬೇಕು

ಮರಿ ಕೊಳ್ಳುವವರು ತಳಿಯ ಹೆಸರನ್ನು ನಂಬಿ ಕೊಳ್ಳುತ್ತಾರೆ. ಲ್ಯಾಬ್ರಡಾರ್ ಎಂದರೆ ಸಾಧು, ಶೆಫರ್ಡ್ ಎಂದರೆ ಚುರುಕು ಎಂಬ ಎಣಿಕೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ಈ ಎಣಿಕೆಯನ್ನು ಅಲುಗಿಸಿತು. 18,385 ನಾಯಿಗಳ ಬಗ್ಗೆ ಒಡೆಯರಿಂದ ಪಡೆದ ಉತ್ತರ, 2,155 ನಾಯಿಗಳ ವಂಶವಾಹಿ ಎರಡನ್ನೂ ಹೋಲಿಸಿ ನೋಡಿದಾಗ, ಒಂದೊಂದು ನಾಯಿಯ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ ಎಂದು ತಿಳಿಯಿತು. ಮೈಬಣ್ಣ, ಕಿವಿಯ ಆಕಾರವನ್ನು ತಳಿ ಹೇಳುತ್ತದೆ. ಮಗುವೊಂದು ಬಾಲ ಎಳೆದಾಗ ಆ ನಾಯಿ ಏನು ಮಾಡುತ್ತದೆ ಎಂಬುದನ್ನು ಹೇಳಲಾರದು.

ಬೆಳೆದ ನಾಯಿಯ ವಿಷಯ ಬೇರೆ. ಎರಡು ವರ್ಷ ದಾಟಿದ ನಾಯಿಯ ಗಾತ್ರ ಇಷ್ಟೇ ಎಂದು ಗೊತ್ತಿರುತ್ತದೆ, ಸ್ವಭಾವವೂ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಊಟದ ತಟ್ಟೆಯ ಹತ್ತಿರ ಯಾರಾದರೂ ಹೋದರೆ ಗುರ್ ಎನ್ನುತ್ತದೆಯೇ, ಬೆಕ್ಕು ಕೋಳಿ ಕಂಡರೆ ಅಟ್ಟುತ್ತದೆಯೇ, ಪಟಾಕಿಗೆ ಹೆದರುತ್ತದೆಯೇ ಎಂಬುದೆಲ್ಲ ಅದನ್ನು ನೋಡಿಕೊಂಡವರಿಗೆ ತಿಳಿದಿರುತ್ತದೆ. ಕೇಳಿ ತಿಳಿದು, ಕಣ್ಣಾರೆ ನೋಡಿ ಆರಿಸಿಕೊಳ್ಳುವ ಅವಕಾಶ ದತ್ತು ತರುವವರಿಗಿದೆ. ದುಡ್ಡು ಕೊಟ್ಟು ಮರಿ ತರುವವರಿಗೆ ಅದಿಲ್ಲ.

ಹಾಗಾಗಿ ಒಂದೇ ಭೇಟಿಯಲ್ಲಿ ನಿರ್ಧರಿಸಬೇಡಿ. ಮನೆಮಂದಿಯೆಲ್ಲ ಹೋಗಿ. ನಾಯಿಯ ಎದುರಿಗೆ ನಿಂತು ಬಗ್ಗಿ ತಲೆ ಸವರುವುದು ಬೇಡ. ಸ್ವಲ್ಪ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತುಕೊಳ್ಳಿ, ಅದಾಗಿ ಬರಲಿ. ಮೈ ಸಡಿಲ ಬಿಟ್ಟು, ಸೊಂಟದಿಂದಲೇ ಬಾಲ ಬೀಸುತ್ತ ಬಂದು ಕೈ ಮೂಸಿದರೆ ಒಳ್ಳೆಯ ಲಕ್ಷಣ. ಮೈ ಸೆಟೆಸಿ, ಬಾಯಿ ಮುಚ್ಚಿ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರಿದರೆ ಅದಕ್ಕೆ ಇನ್ನೂ ಸಮಯ ಬೇಕು ಎಂದರ್ಥ.

ಹತ್ತಿರ ಬಂದ ನಾಯಿಯ ಮೈಯನ್ನು ನಿಧಾನವಾಗಿ ನೋಡಿ. ಕೊರಳ ಸುತ್ತ ಕೂದಲು ಉದುರಿ ಚರ್ಮ ಕಪ್ಪಾಗಿದ್ದರೆ ಅದು ಸರಪಳಿಯಲ್ಲಿ ವರ್ಷಗಟ್ಟಲೆ ಇದ್ದ ಗುರುತು. ಮೊಣಕೈಯಲ್ಲಿ ದಪ್ಪಗೆ ಕಾಯಿಕಟ್ಟಿದ್ದರೆ ಹಾಸಿಗೆಯಿಲ್ಲದೆ ಸಿಮೆಂಟಿನ ಮೇಲೆ ಮಲಗಿದ ಭಾರದ ನಾಯಿ ಅದು. ಮುಂದಿನ ಹಲ್ಲುಗಳು ಸವೆದು ಮೊಂಡಾಗಿದ್ದರೆ ಕಬ್ಬಿಣ ಕಡಿದಿರಬಹುದು. ಕೊರಳ ಹತ್ತಿರ ಕೈ ಒಯ್ದಾಗ ಕುಗ್ಗಿದರೆ ಬೆಲ್ಟು ಹಿಡಿದೆಳೆದ ಕೈಗಳನ್ನು ಅದು ಮರೆತಿಲ್ಲ. ಇವು ಯಾವುವೂ ಬೇಡವೆನ್ನಲು ಕಾರಣಗಳಲ್ಲ. ಮನೆಗೆ ಬಂದ ಮೇಲೆ ಅದನ್ನು ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು, ಎಲ್ಲಿ ಮಲಗಿಸಬೇಕು ಎಂಬುದನ್ನು ಇವೇ ತಿಳಿಸಿಕೊಡುತ್ತವೆ.

ಯಾವ ಊರಿಗೆ ಯಾವ ನಾಯಿ

ದಿಂಡಿಗಲ್ ಬಯಲಿನ ಬೇಸಿಗೆಗೂ ಅದೇ ಜಿಲ್ಲೆಯ ಕೊಡೈಕೆನಾಲಿನ ಚಳಿಗೂ ಅಜಗಜಾಂತರ. ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದ ಕೊಡೈಕೆನಾಲಿನಲ್ಲಿ ಸುಖವಾಗಿರುವ ದಟ್ಟ ತುಪ್ಪುಳದ ನಾಯಿಯನ್ನು ದಿಂಡಿಗಲ್ ಪೇಟೆಯ ತಾರಸಿ ಮನೆಗೆ ತಂದರೆ ಏಪ್ರಿಲ್, ಮೇ ತಿಂಗಳು ಅದಕ್ಕೆ ನರಕ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುವುದೇ ಅದರ ಮುಖ್ಯ ತಂಪು. ಸೆಕೆ ಮಿತಿಮೀರಿದಾಗ ಅದೂ ಸಾಲದು. ನಾಯಿಯ ಸಹಜ ಮೈಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಪ್ರಾಣಾಪಾಯ.

ತಮಿಳುನಾಡು ಸರ್ಕಾರ 2024ರಲ್ಲಿ ಪ್ರಕಟಿಸಿದ ನಾಯಿ ತಳಿ ನೀತಿ ಸೇಂಟ್ ಬರ್ನಾರ್ಡ್, ಸೈಬೀರಿಯನ್ ಹಸ್ಕಿ, ಟಿಬೆಟನ್ ಮ್ಯಾಸ್ಟಿಫ್ ಮುಂತಾದ ತಳಿಗಳ ಸಂತಾನ ಬೆಳೆಸಬಾರದೆಂದು ಪಟ್ಟಿ ಮಾಡಿದ್ದರ ಹಿಂದೆಯೂ ಇದೇ ಕಾಳಜಿಯಿತ್ತು. ಆಗಲೇ ಹುಟ್ಟಿ, ಬೆಳೆದು, ಬೀದಿಗೆ ಬಿದ್ದ ಹಸ್ಕಿಗೆ ಮನೆ ಬೇಡವೇ? ಬೇಕು. ಅದು ಬೆಟ್ಟದ ಊರಿನಲ್ಲಿರುವವರ ಮನೆಯಾದರೆ ಚೆನ್ನ.

ಬಯಲಿನವರಿಗೆ ಗಿಡ್ಡ ಕೂದಲಿನ ನಾಯಿಗಳೇ ಸರಿ. ಲ್ಯಾಬ್ರಡಾರ್ ಮತ್ತು ಅದರ ಮಿಶ್ರ ತಳಿ, ಗ್ರೇಟ್ ಡೇನ್, ರಾಜಪಾಳಯಂ ಇವೆಲ್ಲ ನೆರಳು, ನೀರು, ಗಾಳಿ ಇದ್ದರೆ ನಿಭಾಯಿಸುತ್ತವೆ. ಎರಡಡಿಗೂ ಮೀರಿ ಬೆಳೆಯುವ ಅಚ್ಚ ಬಿಳಿಯ ರಾಜಪಾಳಯಂ ಮನೆಮಂದಿಗೆ ಬಹಳ ಅಂಟಿಕೊಳ್ಳುತ್ತದೆ, ಹೊರಗಿನವರನ್ನು ಸುಲಭಕ್ಕೆ ನಂಬುವುದಿಲ್ಲ. ಈ ತಳಿಯಲ್ಲಿ ಹುಟ್ಟುಕಿವುಡು ಕಾಣಿಸಿಕೊಳ್ಳುವುದುಂಟು. ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿ. ಕಿವುಡು ನಾಯಿಯೂ ಕೈಸನ್ನೆಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಬೀದಿಯಲ್ಲಿ ಬಿಟ್ಟು ನಡೆಸಬಾರದು ಅಷ್ಟೆ.

ದೊಡ್ಡ ನಾಯಿಗೆ ದೊಡ್ಡ ಬಂಗಲೆಯೇ ಬೇಕೆಂದಿಲ್ಲ. ವಯಸ್ಸಿಗೆ ಬಂದ ಗ್ರೇಟ್ ಡೇನ್ ದಿನದ ಬಹುಪಾಲು ಮಲಗಿಯೇ ಕಳೆಯುತ್ತದೆ. ಬೆಳಿಗ್ಗೆ ಸಂಜೆ ನಡೆಸುವವರಿದ್ದರೆ ನೇಕಾರರ ಪುಟ್ಟ ಮನೆಯಲ್ಲೂ ಅದು ನೆಮ್ಮದಿಯಿಂದಿರಬಲ್ಲದು. ಹತ್ತೆಕರೆ ತೋಟದ ಗೇಟಿಗೆ ಕಟ್ಟಿಹಾಕಿದ ನಾಯಿಗೆ ಆ ನೆಮ್ಮದಿ ಸಿಗದು.

ಅಪಾಯಕಾರಿ ತಳಿಗಳ ಮಾತೂ ಇಲ್ಲಿ ಬರುತ್ತದೆ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದುಮಾಡಿತು. ಕಾನೂನಿನ ಚರ್ಚೆ ಹೇಗೇ ಇರಲಿ, ಮೊದಲ ಸಲ ದೊಡ್ಡ ನಾಯಿ ತರುವ ಸಂಸಾರಸ್ಥರು ಕಾದಾಟಕ್ಕೆಂದು ಬೆಳೆಸಿದ ತಳಿಗಳ ತಂಟೆಗೆ ಹೋಗದಿರುವುದು ಕ್ಷೇಮ.

ಮೊದಲ ಮೂರು ತಿಂಗಳು

ರಕ್ಷಣಾ ಕೇಂದ್ರಗಳ ಕಾರ್ಯಕರ್ತರು ಮೂರು ದಿನ, ಮೂರು ವಾರ, ಮೂರು ತಿಂಗಳ ಲೆಕ್ಕವೊಂದನ್ನು ಹೇಳುತ್ತಾರೆ. ಮೂರು ದಿನ ನಾಯಿ ಕಂಗಾಲಾಗಿರುತ್ತದೆ. ಮೂರು ವಾರದಲ್ಲಿ ಮನೆಯ ಹೊತ್ತುಗೊತ್ತು ತಿಳಿಯುತ್ತದೆ. ಮೂರು ತಿಂಗಳಲ್ಲಿ ಇದು ತನ್ನ ಮನೆ ಎಂದು ನಂಬುತ್ತದೆ. ಒಂದೊಂದು ನಾಯಿಗೆ ಒಂದೊಂದು ವೇಗ. ಆದರೆ ಎಷ್ಟೋ ಜನ ಮೊದಲ ಮೂರು ದಿನದಲ್ಲೇ ಸೋತು ವಾಪಸು ಬಿಟ್ಟುಬರುವುದರಿಂದ ಈ ಲೆಕ್ಕ ನೆನಪಿಟ್ಟುಕೊಳ್ಳಬೇಕು.

ಬಂದ ಮೊದಲ ರಾತ್ರಿ ಅದು ಊಟ ಮುಟ್ಟದಿರಬಹುದು. ಮೂಲೆಯಿಂದ ಮೂಲೆಗೆ ಓಡಾಡಬಹುದು, ಬಾಗಿಲ ಬಳಿಯೇ ಕುಳಿತಿರಬಹುದು. ಮೊಸಾಯಿಕ್, ಟೈಲ್ಸ್ ನೆಲದ ಮೇಲೆ ಕಾಲು ಜಾರಿ ಬೆದರಬಹುದು. ದೊಡ್ಡ ನಾಯಿಗಳಿಗೆ ಸೊಂಟದ ಕೀಲಿನ ತೊಂದರೆ ಹೆಚ್ಚು, ಜಾರುವ ನೆಲ ಅದನ್ನು ಇನ್ನಷ್ಟು ಕೆಡಿಸುತ್ತದೆ. ಓಡಾಡುವ ಜಾಗಕ್ಕೆ ಗೋಣಿಯನ್ನೋ ಹಳೆ ಜಮಖಾನೆಯನ್ನೋ ಹಾಸಿ. ಮಲಗಲು ಒಂದೇ ಜಾಗ ಗೊತ್ತುಮಾಡಿ. ಅಲ್ಲಿಗೆ ಹೋಗಿ ಮಲಗಿದ ನಾಯಿಯನ್ನು ಯಾರೂ, ಮುಖ್ಯವಾಗಿ ಮಕ್ಕಳು, ಮುಟ್ಟಬಾರದೆಂಬ ಕಟ್ಟಳೆ ಮನೆಯಲ್ಲಿರಲಿ.

"ನಾಯಿ ಅಂಗಳದಲ್ಲಿರಲಿ ಕಣಪ್ಪಾ, ಒಳಗೆ ಬೇಡ" ಎನ್ನುವ ಹಿರಿಯರು ನಮ್ಮ ಮನೆಗಳಲ್ಲಿದ್ದೇ ಇರುತ್ತಾರೆ. ಅವರ ಮಾತನ್ನು ತಳ್ಳಿಹಾಕಿ ತಂದ ನಾಯಿ ಆ ಮನೆಯಲ್ಲಿ ಉಳಿಯುವುದಿಲ್ಲ. ದೇವರಮನೆ, ಅಡುಗೆಮನೆಯ ಹೊಸ್ತಿಲು ದಾಟಬಾರದೆಂದು ಬೆಳೆದ ನಾಯಿಗೆ ಕೆಲವೇ ವಾರಗಳಲ್ಲಿ ಕಲಿಸಬಹುದು. ಪಡಸಾಲೆಯಲ್ಲಿ ಅದರ ಜಾಗ, ಒಳಗೆ ದೇವರ ಜಾಗ ಎಂದು ಗೆರೆ ಸ್ಪಷ್ಟವಾದರೆ ಅಜ್ಜಿಯ ವಿರೋಧ ಅರ್ಧ ಕರಗುತ್ತದೆ. ಭೈರವನ ಜತೆಗೂ ದತ್ತಾತ್ರೇಯನ ಪಾದದ ಬಳಿಯೂ ನಾಯಿಯನ್ನು ಕಂಡು ಕೈಮುಗಿದವರಿಗೆ ಅದು ತೀರ ಹೊರಗಿನದೇನಲ್ಲ.

ನಾಯಿ ಎಷ್ಟೇ ಸಾಧುವಾಗಿರಲಿ, ಐದಾರು ವರ್ಷದೊಳಗಿನ ಮಗುವಿನೊಂದಿಗೆ ಅದನ್ನು ಒಂಟಿಯಾಗಿ ಬಿಡಬಾರದು. ಗುರ್ ಎಂದಿದ್ದಕ್ಕೆ ಹೊಡೆಯಲೂಬಾರದು. ಅದು ನಾಯಿ ಕೊಡುವ ಮುನ್ನೆಚ್ಚರಿಕೆ. ಹೊಡೆತ ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ.

ದ್ರಾಕ್ಷಿ ನಾಡಿನ ಅಪಾಯಗಳು

ಕಂಬಂ ಕಣಿವೆ ದ್ರಾಕ್ಷಿಯ ನಾಡು. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿದೆ. ವರ್ಷದುದ್ದಕ್ಕೂ ಇಲ್ಲಿ ಹಣ್ಣು ಸಿಗುತ್ತದೆ. ಇಂಥ ಊರಿನಲ್ಲಿ ನಾಯಿ ಸಾಕುವವರು ಮೊದಲು ತಿಳಿಯಬೇಕಾದದ್ದು, ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಗೆ ವಿಷ ಎಂಬುದನ್ನು. ಕೆಲವು ನಾಯಿಗಳಲ್ಲಿ ಸ್ವಲ್ಪವೇ ತಿಂದರೂ ಮೂತ್ರಪಿಂಡ ಕೆಡುತ್ತದೆ. ಎಷ್ಟು ತಿಂದರೆ ಕ್ಷೇಮ ಎಂಬ ಲೆಕ್ಕವೇ ಇಲ್ಲ. ಇದಕ್ಕೆ ಕಾರಣ ಟಾರ್ಟಾರಿಕ್ ಆಮ್ಲವಿರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಹೇರಳವಾಗಿದೆ, ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವರದಿಗಳೂ ಇವೆ. ಆದ್ದರಿಂದ ಮಿಕ್ಕ ಪುಳಿಯೋಗರೆ, ಹುಳಿಯನ್ನ, ಒಣದ್ರಾಕ್ಷಿ ಹಾಕಿದ ಪಾಯಸ ನಾಯಿಯ ತಟ್ಟೆಗೆ ಬೇಡ. ತೋಟದಲ್ಲಿ ಉದುರಿದ ಗೊಂಚಲನ್ನು ಅದು ಮೂಸಲು ಹೋದರೆ ಕರೆದುಕೊಳ್ಳಿ. ಔಷಧಿ ಹೊಡೆದ ದಿನ ತೋಟಕ್ಕೆ ಬಿಡಲೇಬೇಡಿ.

ದಿಂಡಿಗಲ್ ಎಂದರೆ ಬಿರಿಯಾನಿ. ಭಾನುವಾರ ಮಧ್ಯಾಹ್ನ ಎಲೆಯಲ್ಲಿ ಉಳಿದ ಮೂಳೆಯನ್ನು ನಾಯಿಗೆ ಹಾಕುವುದು ಪ್ರೀತಿಯಿಂದಲೇ. ಆದರೆ ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳನ್ನು ಚುಚ್ಚುತ್ತದೆ. ಮಸಾಲೆಯಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಾಯಿಗೆ ಬೇರೆಯೇ ಬೇಯಿಸಿ. ಅನ್ನ ಅಥವಾ ರಾಗಿಯ ಜತೆ ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಕ್ಯಾರೆಟ್, ಕುಂಬಳ ಹಾಕಬಹುದು. ಪ್ರಮಾಣವನ್ನು ಪಶುವೈದ್ಯರು ತೂಕ ನೋಡಿ ಹೇಳಲಿ.

ಆಳ ಎದೆಯ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ಜಠರವೇ ತಿರುಚಿಕೊಳ್ಳುವ ಕಾಯಿಲೆಯೊಂದು ಬರುತ್ತದೆ. ಗ್ರೇಟ್ ಡೇನ್‌ಗೆ ಇದರ ಭಯ ಎಲ್ಲಕ್ಕಿಂತ ಹೆಚ್ಚು. ದಿನದ ಊಟವನ್ನು ಒಂದೇ ಸಲಕ್ಕೆ ಕೊಡದೆ ಎರಡು ಹೊತ್ತಿಗೆ ಹಂಚಿ, ತಿಂದ ಕೂಡಲೇ ಓಡಿಸಬೇಡಿ. ಹೊಟ್ಟೆ ತಮಟೆಯಂತೆ ಬಿಗಿದು, ವಾಂತಿಗೆ ಒದ್ದಾಡಿದರೂ ಏನೂ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ನಾಯಿ ಬದುಕುವುದಿಲ್ಲ.

ಇನ್ನು ಉಣ್ಣಿ. ಕಿವಿಯ ಒಳಮಡಿಕೆ, ಕಂಕುಳು, ಕಾಲ್ಬೆರಳ ಸಂದಿ, ಬಾಲದ ಬುಡ ಇವಿಷ್ಟನ್ನು ದಿನಾ ಬೆರಳಾಡಿಸಿ ನೋಡುವುದು ಅಭ್ಯಾಸವಾಗಬೇಕು. ಉಣ್ಣಿಯಿಂದ ಬರುವ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ಒಸಡು ಬಿಳಿಚುತ್ತದೆ, ಒಮ್ಮೊಮ್ಮೆ ಮೂಗಿನಿಂದ ರಕ್ತ ಸೋರುತ್ತದೆ. ರಕ್ತಪರೀಕ್ಷೆ ಮಾಡಿಸಿ ಬೇಗ ಔಷಧ ಶುರುಮಾಡಿದರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ, ಅದು ನಾಯಿಯ ಯಕೃತ್ತನ್ನು ಹಾಳುಮಾಡಬಲ್ಲದು.

ಲಸಿಕೆ, ಕಾಡು, ಕಾನೂನು

ಜಗತ್ತಿನ ರೇಬಿಸ್ ಸಾವುಗಳಲ್ಲಿ ಶೇ 36ರಷ್ಟು ಭಾರತದಲ್ಲೇ ಸಂಭವಿಸುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹಿಂದಿನ ಚರಿತ್ರೆ ಗೊತ್ತಿಲ್ಲದ ನಾಯಿಯನ್ನು ತಂದಾಗ ಲಸಿಕೆ ಹಾಕಿದ್ದಾರಂತೆ ಎಂಬ ಮಾತು ಸಾಲದು, ಕಾರ್ಡು ಕೈಯಲ್ಲಿರಬೇಕು. ಇಲ್ಲದಿದ್ದರೆ ಹೊಸದಾಗಿ ಹಾಕಿಸಿ, ವರ್ಷಕ್ಕೊಮ್ಮೆ ಮರೆಯದೆ ಮುಂದುವರಿಸಿ. ಯಾವ ನಾಯಿಯ ಹಲ್ಲು ತಾಗಿದರೂ ಗಾಯವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗುವುದನ್ನು ಮನೆಯ ಮಕ್ಕಳಿಗೂ ಕಲಿಸಿ. ಮುಲ್ಲೈಪೆರಿಯಾರ್ ನೀರುಂಡ ಗದ್ದೆಗಳ ಪಕ್ಕದ ಊರುಗಳಲ್ಲಿ ಇಲಿಜ್ವರದ ಲಸಿಕೆಯೂ ಬೇಕು. ಸಂತಾನಹರಣ ಚಿಕಿತ್ಸೆ ಮಾಡಿಸಿಯೇ ನಾಯಿಯನ್ನು ದತ್ತು ಕೊಡುವುದು ಒಳ್ಳೆಯ ಕೇಂದ್ರಗಳ ಪದ್ಧತಿ. ಮಾಡಿಸಿರದಿದ್ದರೆ ನೀವೇ ಮಾಡಿಸಬೇಕು.

ಈ ಸೀಮೆಯಲ್ಲಿ ಇನ್ನೊಂದು ಹೊಣೆಯಿದೆ. ಕಣಿವೆಯ ಪೂರ್ವದ ಅಂಚಿನಲ್ಲಿ 2021ರಲ್ಲಿ ಘೋಷಣೆಯಾದ ಶ್ರೀವಿಲ್ಲಿಪುತ್ತೂರು ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶವಿದೆ. ನಾಯಿಗಳ ಡಿಸ್ಟೆಂಪರ್ ರೋಗ ಕಾಡಿನ ಮಾಂಸಾಹಾರಿಗಳಿಗೂ ದಾಟುತ್ತದೆ. 2018ರಲ್ಲಿ ಗಿರ್‌ನ ಸಿಂಹಗಳು ಈ ವೈರಾಣುವಿಗೆ ಬಲಿಯಾದವು. ಕಾಡಂಚಿನ ಮನೆಯ ನಾಯಿಗೆ ಡಿಸ್ಟೆಂಪರ್ ಲಸಿಕೆ ಹಾಕಿಸುವುದು ಆ ಕಾಡಿಗೂ ಮಾಡುವ ಉಪಕಾರ. ರಾತ್ರಿ ನಾಯಿಯನ್ನು ಹೊರಗೆ ಕಟ್ಟಿಹಾಕಿದರೆ ಅದು ಚಿರತೆಗೆ ಸುಲಭದ ತುತ್ತು. ಕಾವಲಿಗೆಂದೇ ಸಾಕಿದರೂ ಕತ್ತಲಾದ ಮೇಲೆ ಅದು ಬಾಗಿಲೊಳಗಿರಲಿ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ಕೈಬಿಡುವುದು ಅಪರಾಧ. ಇಡೀ ದಿನ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದೂ ಅದೇ ಕಾಯ್ದೆಯಡಿ ಹಿಂಸೆಯೇ. ಸಾಕಲಾಗದವರು ಬಸ್ ನಿಲ್ದಾಣದಲ್ಲೋ ಘಾಟಿಯ ತಿರುವಿನಲ್ಲೋ ಬಿಟ್ಟು ಬರುವ ಬದಲು ಕೇಂದ್ರವೊಂದಕ್ಕೆ ನೇರವಾಗಿ ಒಪ್ಪಿಸಲಿ. ಆ ನಾಯಿಯ ಅಭ್ಯಾಸ, ಕಾಯಿಲೆ, ಭಯಗಳನ್ನು ಬರೆದುಕೊಡಲಿ.

ಎಲ್ಲಿ ಹುಡುಕಬೇಕು, ಯಾರು ತರಬಾರದು

ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ ಸಂಸ್ಥೆ, ಒಡೆಯರು ಕೈಬಿಟ್ಟ ತಳಿ ನಾಯಿಗಳಿಗೆಂದೇ 'ಸೆಕೆಂಡ್ ಚಾನ್ಸ್' ಎಂಬ ದತ್ತು ಕೇಂದ್ರ ನಡೆಸುತ್ತ ಬಂದಿದೆ. ಚೆನ್ನೈಯಲ್ಲಿ 1959ರಲ್ಲಿ ಆರಂಭವಾದ ಬ್ಲೂ ಕ್ರಾಸ್ ಇದೆ. ತೇನಿಯವರಿಗೆ ಹತ್ತಿರದ ಆಸರೆ 2020ರಲ್ಲಿ ಅಲ್ಲೇ ಶುರುವಾದ ಸರ್ಕಾರಿ ಪಶುವೈದ್ಯಕೀಯ ಕಾಲೇಜು. ನಾಯಿ ತರುವ ಮೊದಲೇ ಅಲ್ಲಿಗೋ ನಿಮ್ಮೂರಿನ ಪಶು ಆಸ್ಪತ್ರೆಗೋ ಹೋಗಿ ಮಾತಾಡಿ ಬನ್ನಿ. ಕೈಬಿಟ್ಟ ದೊಡ್ಡ ನಾಯಿಗಳ ಸುದ್ದಿ ಮೊದಲು ತಿಳಿಯುವುದೇ ಅಲ್ಲಿನ ವೈದ್ಯರಿಗೆ. ಒಳ್ಳೆಯ ಕೇಂದ್ರದವರು ನಿಮ್ಮ ಮನೆ ನೋಡಲು ಬರುತ್ತಾರೆ, ಹತ್ತಾರು ಪ್ರಶ್ನೆ ಕೇಳುತ್ತಾರೆ, ಕರಾರುಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಬೇಸರಪಡಬೇಡಿ. ಅದು ಒಮ್ಮೆ ಮನೆ ಕಳೆದುಕೊಂಡ ಜೀವದ ಪರವಾಗಿ ಕೇಳುವ ಪ್ರಶ್ನೆ. ಬೆಂಗಳೂರಿನಿಂದ ಸೇಲಂ, ಕರೂರು ಹಾದು ಬರುವ ದೂರದ ಹಾದಿಯಾದರೆ ಬೇಸಿಗೆಯಲ್ಲಿ ರಾತ್ರಿ ಪ್ರಯಾಣ ಮಾಡಿ.

ಬಾಡಿಗೆ ಮನೆಯ ಮಾಲೀಕರ ಒಪ್ಪಿಗೆ ಇಲ್ಲದವರು, ಹಗಲಿಡೀ ಮನೆ ಬೀಗ ಹಾಕಿರುವವರು, ಮುಂದಿನ ವರ್ಷ ಎಲ್ಲಿರುತ್ತೇವೋ ಎಂಬ ಖಾತ್ರಿ ಇಲ್ಲದವರು ಸದ್ಯಕ್ಕೆ ದೊಡ್ಡ ನಾಯಿ ತರಬಾರದು. ಖರ್ಚೂ ಲೆಕ್ಕಕ್ಕಿರಲಿ. ಊಟ, ಉಣ್ಣಿ ಔಷಧ, ಜಂತಿನ ಮಾತ್ರೆ, ಅರಿವಳಿಕೆ ಎಲ್ಲವೂ ತೂಕದ ಮೇಲೆ ನಿಲ್ಲುವುದರಿಂದ 40 ಕೆ.ಜಿ. ನಾಯಿಯ ಖರ್ಚು 10 ಕೆ.ಜಿ. ನಾಯಿಯ ಖರ್ಚಿನ ಹಲವು ಪಟ್ಟು. ಆಯುಸ್ಸು ಕಡಿಮೆ ಎಂಬ ಸತ್ಯಕ್ಕೂ ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ಲ್ಯಾಬ್ರಡಾರ್ ಸಾಮಾನ್ಯವಾಗಿ 10ರಿಂದ 12 ವರ್ಷ ಬದುಕಿದರೆ ಗ್ರೇಟ್ ಡೇನ್ ಏಳೆಂಟು ವರ್ಷಕ್ಕೇ ಮುದಿಯಾಗುತ್ತದೆ. ಐದು ವರ್ಷದ ನಾಯಿಯನ್ನು ತಂದವರಿಗೆ ಸಿಗುವುದು ಅದರ ಬಾಳಿನ ಉತ್ತರಾರ್ಧ ಮಾತ್ರ.

ಆ ಉತ್ತರಾರ್ಧ ಕಡಿಮೆಯದಲ್ಲ. ಎಗರಾಟ, ಚಪ್ಪಲಿ ಕಡಿತ, ರಾತ್ರಿಯ ಅಳು ಎಲ್ಲ ಕಳೆದು, ಮನುಷ್ಯರ ಜತೆ ಹೇಗಿರಬೇಕೆಂದು ಕಲಿತ ನಾಯಿ ಅದು. ಹೋಂವರ್ಕ್ ಮಾಡುವ ಮಗುವಿನ ಪಕ್ಕ ಮಲಗುವುದಕ್ಕೂ ಸಂಜೆ ತಾತನ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆಯುವುದಕ್ಕೂ ಬೇಕಾದ ತಾಳ್ಮೆ ಮರಿಯಲ್ಲಿರುವುದಿಲ್ಲ, ಬೆಳೆದ ನಾಯಿಯಲ್ಲಿರುತ್ತದೆ. ಮುಂದಿನ ಸಲ ಮನೆಯಲ್ಲಿ ನಾಯಿಯ ಮಾತು ಬಂದಾಗ ಮರಿಯ ಬೆಲೆ ವಿಚಾರಿಸುವ ಮೊದಲು ಹತ್ತಿರದ ಪಶುವೈದ್ಯರಿಗೆ ಒಂದು ಫೋನ್ ಮಾಡಿ, ಮನೆ ಬೇಕಾದ ದೊಡ್ಡ ನಾಯಿ ಇದೆಯೇ ಎಂದು ಕೇಳಿ. ಇದ್ದರೆ ಹೋಗಿ ನೋಡಿ ಬನ್ನಿ. ಅದನ್ನು ಬಿಟ್ಟುಹೋದವರು ಮುಗಿಸದೆ ಹೋದ ಹೊಣೆಯನ್ನು ಪೂರ್ತಿ ಮಾಡಲು ನಿಮ್ಮ ಮನೆಯವರೆಲ್ಲ ಒಪ್ಪಿದ ದಿನ ಅದನ್ನು ಕರೆತನ್ನಿ.